ಕರೆಂಟು ಯಾವಾಗ ಬತ್ತೈತೆ, ಅದ್ನೇಳಿ

ಫೈನಲ್ ಇಯರ್ ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ನನಗೆ ತಲೆನೋವು. ತುಮಕೂರು ಕಡೆಯ ಒಂದು ಕಾಲೇಜಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡುತ್ತೇನೆ. ಪ್ರತಿ ವರ್ಷವೂ ಮೂರ್ನಾಲ್ಕು ತಂಡ ‘ಸ್ಮಾರ್ಟ್ ಇರಿಗೇಷನ್’ ಅಂತಲೇ ಬರುತ್ತವೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಆರ್ಡಿನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು, ಒಂದು ಹೂಕುಂಡ, ಮಣ್ಣಿಗೆ ಚುಚ್ಚಿದ ಸೆನ್ಸರ್. ಮಣ್ಣು ಒಣಗಿದರೆ ಪುಟ್ಟ ಮೋಟರ್ ನೀರು ಬಿಡುತ್ತದೆ. ಚಪ್ಪಾಳೆ.

ಈ ಸಲ ಒಂದು ತಂಡವನ್ನು ಬಸ್ ಹತ್ತಿಸಿ ನಮ್ಮ ಅತ್ತೆಯ ಅಡಿಕೆ ತೋಟಕ್ಕೆ ಕರೆದುಕೊಂಡು ಹೋದೆ. ಹೂಕುಂಡವೂ ಬಂತು, ಅದಕ್ಕೂ ಕಿಟಕಿ ಪಕ್ಕದ ಸೀಟು. ಅತ್ತೆ ಎಲ್ಲ ನೋಡಿ, “ನೆಲ ಒಣಗೈತೆ ಅಂತ ನಂಗೆ ಕಾಣಲ್ವೇನಪ್ಪಾ? ಕರೆಂಟು ಯಾವಾಗ ಬತ್ತೈತೆ, ಅದ್ನೇಳಿ” ಅಂದರು.

“ಆಟೋ ಸ್ಟಾರ್ಟರ್ ಇದೆಯಲ್ಲಮ್ಮ, ಕರೆಂಟು ಬಂದ ತಕ್ಷಣ ತಾನೇ ಮೋಟರ್ ಆನ್ ಮಾಡುತ್ತೆ” ಅಂದ ಒಬ್ಬ ಹುಡುಗ.

“ಅದೇ ಕಣಪ್ಪ ರೋಗ. ಎಲ್ರೂ ಹಾಕ್ಸವ್ರೆ.”

ಪಂಪ್‌ಮನೆಯಲ್ಲಿ ಕಾದು ಕೂತೆವು. ತ್ರೀ ಫೇಸ್ ಬಂತು. ಸ್ಟಾರ್ಟರ್ ಡಬ್ಬಿಯ ವೋಲ್ಟೇಜ್ ಮುಳ್ಳು 400 ದಾಟಿದ್ದೇ ತಡ, ದಡಕ್ಕನೆ 300ರ ಹತ್ತಿರ ಬಿತ್ತು. ಆ ಟಿಸಿ, ಅಂದ್ರೆ ಟ್ರಾನ್ಸ್‌ಫಾರ್ಮರ್, ಕೆಳಗಿನ ಹನ್ನೊಂದು ಮೋಟರೂ ಒಟ್ಟಿಗೆ ಎದ್ದಿದ್ದವು. ಹೊರಡುವಾಗ ಇಂಡಕ್ಷನ್ ಮೋಟರ್ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ ಅಂತ ನಾನೇ ಬೋರ್ಡಿನ ಮೇಲೆ ಬರೆದಿದ್ದೆ. ಹುಡುಗರು ಅದನ್ನು ಕಣ್ಣಾರೆ ಕಂಡದ್ದು ಅವತ್ತೇ. ಹೀಗೆ ವೋಲ್ಟೇಜ್ ಬಿದ್ದೇ ಆ ವರ್ಷ ಅತ್ತೆಯ ಮೋಟರ್ ಎರಡು ಸಲ ಸುಟ್ಟು ವೈಂಡಿಂಗಿಗೆ ಹೋಗಿತ್ತು.

ವಾಪಸ್ ಬರುವಾಗ ಬಸ್ಸಲ್ಲಿ ಪುರ ಅನ್ನೋ ಹಳ್ಳಿಯ ಕಥೆ ಹೇಳಿದೆ. 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ‘ಅಸ್ತ್ರ’ ಶುರುವಾಯಿತು, ವಿಜ್ಞಾನ-ತಂತ್ರಜ್ಞಾನವನ್ನು ಹಳ್ಳಿಗಳ ಕೆಲಸಕ್ಕೆ ತರೋ ಕೇಂದ್ರ. ನಮ್ಮ ಕುಣಿಗಲ್ ತಾಲೂಕಿನ ಪುರದಲ್ಲಿ ಅವರು ಸಗಣಿ ಗ್ಯಾಸ್ ಮಾಡಹೊರಟದ್ದು ಅಡುಗೆಗೆ ಅಂತ. ಅಷ್ಟು ಸಗಣಿಯೇ ಇರಲಿಲ್ಲ. ಊರವರಿಗೆ ಮೊದಲು ಬೇಕಿದ್ದದ್ದೂ ನೀರು. ಆಮೇಲೆ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, 1987ರಿಂದ ಬೋರ್‌ವೆಲ್ ನೀರು, ಮನೆಗಳಿಗೆ ದೀಪ ಕೊಟ್ಟರು. ದೊಡ್ಡ ವಿಜ್ಞಾನಿಗಳೇ ಊರವರ ಮಾತು ಕೇಳಿ ದಾರಿ ಬದಲಿಸಿದ್ದಾರೆ, ನಮ್ಮದೇನು ಅಲ್ವಾ?

ಹುಡುಗರು ಮಾಡಿದ್ದು ಇಷ್ಟೇ: ಒಂದೊಂದು ಸ್ಟಾರ್ಟರಿಗೂ ಒಂದು ಡಿಲೇ ಟೈಮರ್, ಮೋಟರಿಂದ ಮೋಟರಿಗೆ ಎರಡು ನಿಮಿಷ ಅಂತರ. ವೈರಿಂಗ್ ಅರ್ಧ ದಿನದ ಕೆಲಸ. ಯಾರ ಮೋಟರ್ ಮೊದಲು ಅನ್ನೋದು ಬಗೆಹರಿಯೋಕೆ ಮೂರು ಭಾನುವಾರ ಬೇಕಾಯ್ತು. ಕೊನೆಗೆ ಚೀಟಿ ಎತ್ತಿದರು.

ವೈವಾದಲ್ಲಿ ಹೊರಗಿಂದ ಬಂದ ಪರೀಕ್ಷಕರು ಕೇಳಿದರು: “ಇದರಲ್ಲಿ ಎಐ ಎಲ್ಲಿದೆ?” ಮಾರ್ಕ್ಸ್ ಸ್ವಲ್ಪ ಕಮ್ಮಿಯೇ ಬಂತು.

ಅತ್ತೆಗೆ ಬಂದದ್ದು ಒಂಬತ್ತನೇ ನಂಬರ್. ಮೋಟರ್ ಸುಟ್ಟಿಲ್ಲ, ಆದರೂ ಫೋನ್ ಮಾಡಿದಾಗೆಲ್ಲ ಆ ಚೀಟಿಗೆ ಬೈಗುಳ.