ಹಾಜರಿ ಪುಸ್ತಕದಲ್ಲಿ ‘ಹೆಣ್ಣಾಳು 4’

ಬೀದರ್‌ನಲ್ಲಿ ನಮ್ಮ ಚರ್ಚಿನ ಕಾಂಪೌಂಡ್ ಗೋಡೆ ಕಟ್ಟುತ್ತಿದ್ದರು. ಒಂದು ಶನಿವಾರ ಮಧ್ಯಾಹ್ನ ಕೆಲಸ ಎಲ್ಲಿಗೆ ಬಂತು ನೋಡೋಣ ಅಂತ ಹೋದೆ. ಗುತ್ತೇದಾರರ ಹಾಜರಿ ಪುಸ್ತಕ ಸಿಮೆಂಟ್ ಚೀಲದ ಮೇಲೆ ತೆರೆದೇ ಇತ್ತು. ಗೌಂಡಿಗಳ ಹೆಸರಿದ್ದವು. ಗಂಡಾಳುಗಳ ಹೆಸರು ಅಪ್ಪನ ಹೆಸರಿನ ಸಮೇತ ಇದ್ದವು. ಅವರ ಕೆಳಗೆ ‘ಹೆಣ್ಣಾಳು 4’ ಅಂತ ಒಂದೇ ಸಾಲು. ಗಂಡಾಳಿಗೆ 600, ಹೆಣ್ಣಾಳಿಗೆ 400. ಆ ಸಾಲಿನ ಮುಂದೆ ಕೆಂಪು ಶಾಯಿಯಲ್ಲಿ ‘ಬಾಕಿ’.

ಮಾಲಿನ (ಕಲಸಿದ ಸಿಮೆಂಟಿನ) ಬುಟ್ಟಿ ಇಳಿಸಿ ನೀರು ಕುಡಿಯುತ್ತಿದ್ದ ಒಬ್ಬರನ್ನ ಕೇಳಿದೆ, "ಯಕ್ಕಾ, ಪಗಾರ ಬಂತಾ?"

"ಎಲ್ಲಿ ಬಂತ್ರೀ ಸರ್. ಹ್ವಾದ ವಾರದ್ದೂ ಹಂಗೇ ಅದ. ಚರ್ಚಿನವ್ರು ಕೊಟ್ಟಿಲ್ಲ ಅಂತಾರ. ಮನ್ಯಾಗ ಜ್ವಾಳ ಮುಗದಾವ."

ಚರ್ಚಿನವರು ಕೊಟ್ಟಿದ್ದರು. ಕಂತಿನ ಹಣ ಆಗಲೇ ಹೋಗಿತ್ತು. ಅವತ್ತು ಸಂಜೆಯೇ ಕಮಿಟಿ ಇತ್ತು, ಅಲ್ಲಿ ಈ ಮಾತು ಎತ್ತಿದೆ. ಒಬ್ಬ ಹಿರಿಯರು, ನಾನು ತುಂಬಾ ಗೌರವಿಸುವವರು, ಸಮಾಧಾನದಿಂದಲೇ ಹೇಳಿದರು: "ನಾವು ಕೊಡೋದು ಕೊಟ್ಟೀವಿ ತಮ್ಮಾ. ಕೂಲಿ ವಿಷಯ ಗುತ್ತೇದಾರಂದು. ಚರ್ಚಿನೊಳಗ ರಾಜಕೀಯ ತರಬ್ಯಾಡ."

ಈ ರಾಜಕೀಯ ಅನ್ನೋ ಮಾತಿಗೆ ನನ್ನ ತಕರಾರು. ಬೈಬಲ್‌ನ ಧರ್ಮೋಪದೇಶಕಾಂಡ 24ನೇ ಅಧ್ಯಾಯದಲ್ಲಿ ಏನಿದೆ? ಬಡ ಕೂಲಿಯವನ ಕೂಲಿಯನ್ನ ಅದೇ ದಿನ, ಹೊತ್ತು ಮುಳುಗೋ ಮುಂಚೆ ಕೊಡಬೇಕು ಅಂತಿದೆ, ಮತ್ತು ಆ ಕೂಲಿಯವನು ನಿನ್ನ ಕುಲದವನಾದರೂ ಸರಿ, ನಿನ್ನ ಊರಲ್ಲಿರುವ ಪರದೇಶಿಯಾದರೂ ಸರಿ ಅಂತ ಬಿಡಿಸಿ ಹೇಳಿದೆ. ನಮ್ಮ ಗೋಡೆ ಕಟ್ಟುತ್ತಿದ್ದ ಆ ನಾಲ್ವರು ನಮ್ಮ ಚರ್ಚಿನ ಸಭೆಯವರಲ್ಲ. ಹಾಗಾಗಿ ಆ ಮಾತು ಅವರಿಗೇ ಬರೆದ ಹಾಗಿದೆ. ಬೈಬಲ್‌ನಲ್ಲೇ ಇರೋ ಯಾಕೋಬನ ಪತ್ರದ 5ನೇ ಅಧ್ಯಾಯ ಇನ್ನೂ ಖಾರ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅನ್ನುತ್ತದೆ. ಗುತ್ತೇದಾರ ಹಿಡಿದಿಟ್ಟರೆ ಕೂಗು ಅವನ ಮನೆಯಿಂದ ಮಾತ್ರ ಕೇಳಿಸುತ್ತದಾ? ಗೋಡೆ ನಮ್ಮದೇ ಅಲ್ವಾ?

ಕಮಿಟಿಯಲ್ಲಿ ಇದನ್ನೇ ಹೇಳಿದೆ, ಸ್ವಲ್ಪ ಉದ್ದವೇ ಆಯಿತು. ಬೀದರ್ ಕಡೆ ಮೆಥಡಿಸ್ಟ್ ಸಭೆಗಳು ಬಹಳ. ನಮ್ಮದೂ ಅದೇ. ಆ ಪಂಥದ ಮೂಲಪುರುಷ ಜಾನ್ ವೆಸ್ಲಿ 1739ರಲ್ಲಿ ಬ್ರಿಸ್ಟಲ್ ಹತ್ತಿರ ಬಯಲಲ್ಲಿ ನಿಂತು ಕಲ್ಲಿದ್ದಲು ಗಣಿಯ ಕೂಲಿಕಾರರಿಗೆ ಬೋಧನೆ ಮಾಡಿದರು. 1774ರಲ್ಲಿ ಗುಲಾಮಗಿರಿ ವಿರುದ್ಧ ಪುಸ್ತಿಕೆ ಬರೆದರು. ಆಗ ಗುಲಾಮರ ವ್ಯಾಪಾರ ಇಂಗ್ಲೆಂಡಿನಲ್ಲಿ ಕಾನೂನುಬದ್ಧ ದಂಧೆ. ಕ್ಯಾಥೋಲಿಕರಲ್ಲಿ ಹದಿಮೂರನೇ ಲಿಯೋ ಪೋಪ್ 1891ರಲ್ಲೇ ಕಾರ್ಮಿಕರ ಬಗ್ಗೆ ಪತ್ರ ಬರೆದು, ಕೂಲಿಯವನು ಒಪ್ಪಿಕೊಂಡ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಅದರಲ್ಲಿ ಅವನ ಬದುಕು ನಡೆಯಬೇಕು ಅಂದರು. ಬಸವಕಲ್ಯಾಣ ಇರೋ ಜಿಲ್ಲೆ ನಮ್ಮದು, ಕಾಯಕದ ಬೆಲೆ ನಮಗೆ ಹೊರಗಿನವರು ಹೇಳಿಕೊಡಬೇಕಾಗಿಯೇ ಇಲ್ಲ.

ನಮ್ಮ ಸಭೆಯ ಎಷ್ಟೋ ಮನೆಗಳ ಅಜ್ಜಂದಿರು ಬೇರೆಯವರ ಹೊಲದಲ್ಲಿ ಜೀತಕ್ಕಿದ್ದವರು. ಸಾಲದ ಲೆಕ್ಕ ಯಜಮಾನನ ಪುಸ್ತಕದಲ್ಲಿ, ಇವರ ಬೆವರಿಗೆ ಲೆಕ್ಕವೇ ಇಲ್ಲ. ಜೀತ ರದ್ದು ಮಾಡಿದ ಕಾನೂನು ಬಂದದ್ದು 1976ರಲ್ಲಿ. ಗಂಡಿಗೂ ಹೆಣ್ಣಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ ಅನ್ನೋ ಕಾನೂನೂ 1976ರದ್ದೇ. ಮೊದಲನೆಯದನ್ನ ನೆನೆದು ಖುಷಿಪಡುವ ನಾವು ಎರಡನೆಯದನ್ನ ಯಾಕೆ ಬಿಟ್ಟೆವು ಅಂತ ಕೇಳಿದೆ.

ಅಲ್ಲಿ ಹೆಂಗಸರ ಸಂಘದ ಒಬ್ಬ ಅಕ್ಕ ಎದ್ದು ನಿಂತರು. ಅವರೂ ಚಿಕ್ಕ ವಯಸ್ಸಿನಲ್ಲಿ ಮಾಲು ಹೊತ್ತವರು. "ಗಂಡಾಳು ಹೊರೋ ಬುಟ್ಟಿ, ನಾವು ಹೊರೋ ಬುಟ್ಟಿ ಒಂದೇ ಇರ್ತಿತ್ರೀ. ಪಗಾರದಾಗ ಅಷ್ಟೇ ಫರಕು" ಅಂದರು. ನಾನು ಹೇಳಿದ ಬೈಬಲ್ ವಚನ, ಇಸವಿ ಎಲ್ಲಕ್ಕಿಂತ ಆ ಮಾತೇ ಜಾಸ್ತಿ ಕೆಲಸ ಮಾಡಿತು. ಪಾಸ್ಟರ್ ಗುತ್ತೇದಾರರಿಗೆ ಅಲ್ಲಿಂದಲೇ ಫೋನ್ ಹಚ್ಚಿದರು.

ಸೋಮವಾರ ಬಾಕಿ ಪೂರ್ತಿ ಬಂತು. ಮುಂದಿನ ಶನಿವಾರದಿಂದ ಬಟವಾಡೆ ಚರ್ಚಿನ ಕಟ್ಟೆಯ ಮೇಲೆ, ಕಮಿಟಿಯ ಇಬ್ಬರ ಎದುರಿಗೆ. ಹಾಜರಿ ಪುಸ್ತಕದಲ್ಲಿ ನಾಲ್ವರ ಹೆಸರೂ ಬಿತ್ತು, ಎಲ್ಲ ಆಳಿಗೂ 600 ಅಂತ ಬರೆಸಿದೆವು. ಗುತ್ತೇದಾರರು ಸಿಟ್ಟಾದರು. ಹೆಚ್ಚಿನ ದುಡ್ಡು ತಾವು ಕೊಡೋದಿಲ್ಲ ಅಂದರು. ಆ ಫರಕನ್ನ ಚರ್ಚೇ ತುಂಬಿತು, ಅದಕ್ಕಾಗಿ ಗೇಟಿನ ಮೇಲಿನ ಕಮಾನು ಸದ್ಯಕ್ಕೆ ಬೇಡ ಅಂತ ಬಿಟ್ಟೆವು. ಕಮಾನು ಬೇಕೇ ಬೇಕು ಅಂದವರಿಗೆ ಬೇಜಾರಾಗಿದೆ. ಅವರ ಜೊತೆ ಇನ್ನೂ ಮಾತಾಡುತ್ತಿದ್ದೇನೆ.

ಆದರೆ ಈ ಒಪ್ಪಂದ ಗೋಡೆ ಕೆಲಸಕ್ಕೆ ಮಾತ್ರ. ಚರ್ಚ್ ಗುಡಿಸುವ ಆಯಾ ಅವರ ಪಗಾರ ಎಷ್ಟು, ಯಾವ ತಾರೀಖಿಗೆ ಕೈಗೆ ಸಿಗುತ್ತದೆ ಅನ್ನೋದು ಯಾವ ಮೀಟಿಂಗಿನಲ್ಲೂ ಬಂದಿಲ್ಲ. ಈ ತಿಂಗಳ ಕಮಿಟಿಗೆ ಅದನ್ನ ಲಿಖಿತವಾಗಿ ಕೊಟ್ಟಿದ್ದೇನೆ. ಹೆಂಗಸರ ಸಂಘದ ಆ ಅಕ್ಕ ಕೆಳಗೆ ಸಹಿ ಹಾಕಿದ್ದಾರೆ.