ಐದನೆಯ ಡ್ರಮ್ಮಿನ ರಸಮೇವು ಗೆದ್ದಿತು

ನಾಲ್ಕು ಡ್ರಮ್ ಕೆಟ್ಟ ಮೇಲೆ ಐದನೆಯದು ಇಂದು ಬೆಳಿಗ್ಗೆ ಕೈಹಿಡಿದಿದೆ! ರಸಮೇವೆಂದರೆ ಹಸಿ ಮೇವನ್ನು ಗಾಳಿ ಹೋಗದಂತೆ ಮುಚ್ಚಿ ಹುಳಿ ಬರಿಸಿದ ದನದ ಮೇವು, ಸೈಲೇಜ್. ಮುಚ್ಚಳ ತೆಗೆದೊಡನೆ ಹುಳಿ ಮಜ್ಜಿಗೆಯ ವಾಸನೆ ಬಂತು. ಹುಳಿ ಅಳೆಯುವ ಪಿಎಚ್ ಕಾಗದ 4 ತೋರಿಸಿತು, ಅಂದರೆ ಚೆನ್ನಾಗಿ ಹುಳಿ ಬಂದಿದೆ.

ಗೋವಿನಜೋಳ ಕೊಯ್ದದ್ದು, ಕತ್ತರಿಸಿದ್ದು, ತುಳಿದು ತುಂಬಿದ್ದು ನಿಮಗೆ ಹೊಸದಲ್ಲ. ನನ್ನನ್ನು ಕಾಡಿದ್ದು ಮುಚ್ಚಳದ ಕೆಳಗೆ, ಒಂದೇ ಬದಿಯಲ್ಲಿ, ಪ್ರತಿ ಸಲವೂ ಏಳುತ್ತಿದ್ದ ಅಂಗೈಯಗಲದ ಬೂಷ್ಟು. ತೇವ ಹೆಚ್ಚಾಯಿತೆಂದು ಮೇವನ್ನು ಅರ್ಧ ದಿನ ಬಾಡಿಸಿದೆ. ಹುಳಿ ಸಾಲದೆಂದು ಕಾಕಂಬಿ ಹಾಕಿದೆ. ಹುಮನಾಬಾದಿನಲ್ಲಿ ಕೊಂಡ ಆ ಕಾಕಂಬಿ ಬೆರಳಿಗೂ ಅಂಟುತ್ತಿರಲಿಲ್ಲ, ಅಷ್ಟು ನೀರು! ಬೂಷ್ಟು ಮಾತ್ರ ಜಗ್ಗಲಿಲ್ಲ.

ನಾಲ್ಕನೆಯ ಡ್ರಮ್ ತೆರೆದ ದಿನ ಅವ್ವ, "ಮೇಲಿನದಷ್ಟು ತೆಗೆದು ಉಳಿದದ್ದನ್ನು ಹಾಕಪ್ಪಾ, ಇಷ್ಟು ಮೇವು ಚೆಲ್ಲುತ್ತಾರೇನು?" ಎಂದಳು. ನಾನು ಅಷ್ಟನ್ನೂ ತಿಪ್ಪೆಗೆ ಹಾಕಿದೆ. ಯಾವ ಬೂಷ್ಟಿನಲ್ಲಿ ವಿಷವಿದೆಯೆಂದು ಕಣ್ಣು ಹೇಳುವುದಿಲ್ಲ. ಮೇವಿನಲ್ಲಿ ಅಫ್ಲಾಟಾಕ್ಸಿನ್ ಬಿ1 ಎಂಬ ಬೂಷ್ಟಿನ ವಿಷ ಇದ್ದರೆ ಆಕಳ ಯಕೃತ್ತಿನಲ್ಲಿ ಅದು ಎಂ1 ಎಂಬ ಇನ್ನೊಂದು ರೂಪವಾಗಿ ಒಂದು ದಿನದೊಳಗೆ ಹಾಲಿಗೆ ಇಳಿಯುತ್ತದೆ. ಗಾಳಿ ಹೊಕ್ಕ ರಸಮೇವಿನಲ್ಲಿ ಬೆಳೆಯುವ ಲಿಸ್ಟೀರಿಯಾ ಎಂಬ ರೋಗಾಣು ಹಾಲು ಕುದಿಸಿದರೆ ಸಾಯುತ್ತದೆ, ಎಂ1 ಕುದಿಸಿದರೂ ಹೋಗುವುದಿಲ್ಲ. ಒಂದು ಕಿಲೋ ಹಾಲಿನಲ್ಲಿ ಅದು 0.5 ಮೈಕ್ರೋಗ್ರಾಂ ಮೀರಬಾರದೆಂಬುದು ನಮ್ಮ ದೇಶದ ನಿಯಮ. ನಮ್ಮ ದೇವಣಿ ತಳಿಯ ಆಕಳ ಹಾಲನ್ನು ಪಕ್ಕದ ಮನೆಯ ಮೂರು ವರ್ಷದ ಕೂಸು ಕುಡಿಯುತ್ತದೆ. ನೂರು ಕಿಲೋ ಮೇವು ಹೋದರೆ ಹೋಗಲಿ.

ಕರೆಂಟ್ ಹೋದ ಒಂದು ರಾತ್ರಿ ಖಾಲಿ ಡ್ರಮ್ಮಿನೊಳಗೆ ಟಾರ್ಚ್ ಹಚ್ಚಿಟ್ಟು ಮುಚ್ಚಳ ಬಿಗಿದೆ. ಅಂಚಿನಲ್ಲಿ ದಾರದಂಥ ಬೆಳಕು! ಮುಚ್ಚಳದ ರಬ್ಬರ್ ಪಟ್ಟಿಯ ಎರಡು ತುದಿ ಕೂಡದೆ ಎರಡು ಬೆರಳಿನಷ್ಟು ಸಂದು ಉಳಿದಿತ್ತು. ಉಳಿದ ಮುಚ್ಚಳಗಳನ್ನು ನೋಡಿದರೆ ಎಲ್ಲದರಲ್ಲೂ ಅದೇ ಸಂದು. ಮಾರಿದವನನ್ನು ಕೇಳಿದರೆ, "ನೀರು ತುಂಬಿಡಲು ಇಷ್ಟು ಸಾಕು" ಎಂದ. ಮೇವಿಗೆಂದೇ ಕೇಳಿ ಕೊಂಡಿದ್ದೆ, ಅವನಿಗೂ ಗೊತ್ತಿತ್ತು. ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಅಂಚಿನ ಸುತ್ತ ಎಳೆದು ಕೂರಿಸಿದೆ. ಮತ್ತೆ ಟಾರ್ಚ್ ಇಟ್ಟಾಗ ಪೂರ್ತಿ ಕತ್ತಲೆ. ಆ ಡ್ರಮ್ಮೇ ಈ ಐದನೆಯದು.

ಮುಂದಿನ ಸರದಿ ಶೇಂಗಾ ಹಿಂಡಿಯದು. ಅಫ್ಲಾಟಾಕ್ಸಿನ್ ಪತ್ತೆಯಾದದ್ದೇ ಶೇಂಗಾ ಹಿಂಡಿಯಿಂದ: 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್ಲಿನ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಿದ್ದವು. ನನ್ನ ಹಿಂಡಿ ಚೀಲ ಈಗಲೂ ನೆಲದ ಮೇಲೆ ಗೋಡೆಗೆ ಒರಗಿದೆ. ತಳ ಮುಟ್ಟಿ ನೋಡಿದೆ, ತೇವದಿಂದ ತಣ್ಣಗಿತ್ತು. ನಾಳೆಯೇ ಹಲಗೆ ತರಬೇಕು.