ಹೋಮ್ ಸೈನ್ಸ್ ಅಂದ್ರೆ ಅಡುಗೆ ಕ್ಲಾಸಾ?

ಪಿಯುಸಿ ರಿಸಲ್ಟ್ ಬಂದ ವಾರದಿಂದ ಈ ಪ್ರಶ್ನೆ ಶುರು. ಕೇಳುವವರು ಹೆಚ್ಚಾಗಿ ಅಪ್ಪಂದಿರು. "ಮಗಳು ಹೋಮ್ ಸೈನ್ಸ್ ಸೇರ್ತೀನಿ ಅಂತಿದ್ದಾಳೆ. ಅಡುಗೆ, ಹೊಲಿಗೆ ತಾನೆ? ಅದಕ್ಕೂ ಡಿಗ್ರಿ ಬೇಕಾ?" ಮಗನ ವಿಷಯದಲ್ಲಿ ಈ ಪ್ರಶ್ನೆಯೂ ಬರುವುದಿಲ್ಲ. ಕೇಳುವ ಮೊದಲೇ ಬೇಡ ಅಂತ ತೀರ್ಮಾನ ಆಗಿರುತ್ತೆ.

ಅಡುಗೆ ಇದೆ. ಆದರೆ ಅದು ತಕ್ಕಡಿ ಎದುರಿಗಿಟ್ಟುಕೊಂಡು ಮಾಡುವ ಅಡುಗೆ. ಸಾರು ರುಚಿಯಾಯಿತಾ ಅನ್ನುವುದಕ್ಕಿಂತ, ನಾಳೆ ಬೇರೆಯವರು ಮಾಡಿದರೂ ಅದೇ ತೂಕ, ಅದೇ ಪ್ರಮಾಣ ಬರುತ್ತದಾ ಅನ್ನುವುದಕ್ಕೆ ಇಲ್ಲಿ ಬೆಲೆ. ಕೈಚಳಕ ಇದ್ದವರು ಇಲ್ಲಿ ಗೆಲ್ಲುತ್ತಾರೆ ಅನ್ನುವ ಹಾಗಿಲ್ಲ. ಅಳತೆಗೆ ಬೇಸರಪಡುವವರು ಮಾತ್ರ ಖಂಡಿತ ಒದ್ದಾಡುತ್ತಾರೆ.

ಹೆಸರಿನ ಗೊಂದಲವನ್ನು ಮೊದಲು ಬಗೆಹರಿಸೋಣ. ಈ ವಿಷಯಕ್ಕೆ ಅಡಿಪಾಯ ಹಾಕಿದ ಎಲೆನ್ ಸ್ವಾಲೋ ರಿಚರ್ಡ್ಸ್ ಅಡುಗೆಯವರಲ್ಲ, ರಸಾಯನಶಾಸ್ತ್ರಜ್ಞೆ. ಅಮೆರಿಕದ ಎಂಐಟಿಯಲ್ಲಿ 1873ರಲ್ಲಿ ಪದವಿ ಪಡೆದ ಮೊದಲ ಮಹಿಳೆ, ಕುಡಿಯುವ ನೀರಿನ ಪರೀಕ್ಷೆಯಲ್ಲಿ ಹೆಸರು ಮಾಡಿದವರು. 1899ರಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್ ಊರಿನಲ್ಲಿ ಶುರುವಾದ ಸಮ್ಮೇಳನಗಳಿಂದ 'ಹೋಮ್ ಇಕನಾಮಿಕ್ಸ್' ಅನ್ನುವ ಹೆಸರು ನಿಂತಿತು. ಈಗ ಅಮೆರಿಕದಲ್ಲಿ ಅದನ್ನೇ 'ಫ್ಯಾಮಿಲಿ ಅಂಡ್ ಕನ್ಸ್ಯೂಮರ್ ಸೈನ್ಸಸ್' ಅನ್ನುತ್ತಾರೆ. ಕೆಲವು ವಿಶ್ವವಿದ್ಯಾಲಯಗಳು ವ್ಯಾಯಾಮ ವಿಜ್ಞಾನ ಮತ್ತು ಪೌಷ್ಟಿಕತೆಯನ್ನೂ ಅದೇ ವಿಭಾಗಕ್ಕೆ ಸೇರಿಸಿಕೊಂಡಿವೆ. ನಮ್ಮಲ್ಲಿ ದೆಹಲಿಯ ಲೇಡಿ ಇರ್ವಿನ್ ಕಾಲೇಜು 1932ರಿಂದ ಇದೆ. ಧಾರವಾಡದ ಗ್ರಾಮೀಣ ಗೃಹ ವಿಜ್ಞಾನ ಕಾಲೇಜು 1974ರಲ್ಲಿ ಶುರುವಾಯಿತು. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಈಗ ಈ ಪದವಿಯ ಹೆಸರು ಸಮುದಾಯ ವಿಜ್ಞಾನ, ಅಂದರೆ ಕಮ್ಯುನಿಟಿ ಸೈನ್ಸ್. ನಾಲ್ಕು ವರ್ಷದ ಆನರ್ಸ್ ಪದವಿ, ಪ್ರವೇಶ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ. ಬೋರ್ಡಿನ ಮೇಲಿನ ಹೆಸರು ನೋಡಿ ಗಾಬರಿಯಾಗಬೇಡಿ. ಒಳಗಿನ ಐದು ಕವಲುಗಳು ಹೆಚ್ಚುಕಡಿಮೆ ಅವೇ: ಆಹಾರ ಮತ್ತು ಪೌಷ್ಟಿಕತೆ, ಮಾನವ ಅಭಿವೃದ್ಧಿ, ಜವಳಿ, ಮನೆಯ ಸಂಪನ್ಮೂಲ ನಿರ್ವಹಣೆ, ವಿಸ್ತರಣಾ ಶಿಕ್ಷಣ (ಕಲಿತದ್ದನ್ನು ಜನರ ಮನೆಬಾಗಿಲಿಗೆ ತಲುಪಿಸುವುದು).

ಈಗ ಅಡುಗೆ ಲ್ಯಾಬಿಗೆ ಬರೋಣ. ಮೊದಲ ಸೆಮಿಸ್ಟರಿನ ಪ್ರಾಕ್ಟಿಕಲ್‌ನಲ್ಲೇ ಲೋಟ, ಬಟ್ಟಲು, ಸೌಟು ಎಲ್ಲವನ್ನೂ ನೀರು ತುಂಬಿಸಿ ಎಷ್ಟು ಮಿಲಿಲೀಟರ್ ಹಿಡಿಯುತ್ತವೆ ಅಂತ ಬರೆದಿಡಬೇಕು. ಆಮೇಲೆ ಅಕ್ಕಿ ತೂಗಿ, ಅನ್ನ ಮಾಡಿ, ಅನ್ನವನ್ನೂ ತೂಗಬೇಕು. 100 ಗ್ರಾಂ ಅಕ್ಕಿ ಸುಮಾರು 250ರಿಂದ 300 ಗ್ರಾಂ ಅನ್ನ ಆಗುತ್ತೆ. ಇದು ಮಕ್ಕಳಾಟ ಅನಿಸಬಹುದು. ಮುಂದೆ ಆಗುವ ಅತಿ ದೊಡ್ಡ ತಪ್ಪು ಹುಟ್ಟುವುದು ಮಾತ್ರ ಇಲ್ಲೇ. ಆಹಾರ ಸಂಯೋಜನೆಯ ಕೋಷ್ಟಕದಲ್ಲಿ ಅಕ್ಕಿಗೆ ಕೊಟ್ಟಿರುವ 356 ಕಿಲೋಕ್ಯಾಲರಿ ಹಸಿ ಅಕ್ಕಿಯ 100 ಗ್ರಾಂಗೆ. ಅದನ್ನೇ ತಟ್ಟೆಯಲ್ಲಿರುವ 100 ಗ್ರಾಂ ಅನ್ನಕ್ಕೆ ಹಾಕಿಬಿಟ್ಟರೆ ಲೆಕ್ಕ ಎರಡೂವರೆ, ಮೂರು ಪಟ್ಟು ಏರುತ್ತೆ. ಮುದ್ದೆಗೂ ಅಷ್ಟೆ, ಹಿಟ್ಟಿನ ತೂಕ ಬೇರೆ, ಮುದ್ದೆಯ ತೂಕ ಬೇರೆ.

ಕೋಷ್ಟಕ ಅಂದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕ. ಇದರಲ್ಲಿ ಶಕ್ತಿಯನ್ನು ಕಿಲೋಜೌಲ್‌ನಲ್ಲಿ ಕೊಟ್ಟಿದ್ದಾರೆ. ರಾಗಿಗೆ 1342 ಅಂತ ಇರುತ್ತೆ. ಕ್ಯಾಲರಿ ಅಂದುಕೊಂಡು ಹಾಗೇ ಇಳಿಸಿಕೊಂಡರೆ ಕಥೆ ಮುಗಿಯಿತು. 4.184ರಿಂದ ಭಾಗಿಸಿದರೆ ಸಿಗುವ 321ರಷ್ಟು ಕಿಲೋಕ್ಯಾಲರಿಯೇ ಬೇಕಾದ ಅಂಕಿ. ಇನ್ನೊಂದು ವಿಷಯ, ಅಂಕಿಗಳೆಲ್ಲ ತಿನ್ನುವ ಭಾಗಕ್ಕೆ ಮಾತ್ರ. ಬಾಳೆಹಣ್ಣನ್ನು ಸಿಪ್ಪೆಸಹಿತ, ನುಗ್ಗೆಕಾಯನ್ನು ನಾರುಸಹಿತ ತೂಗಿ ಲೆಕ್ಕ ಹಾಕಿದರೆ ಉತ್ತರ ತಪ್ಪುತ್ತೆ.

ಊಟದ ಯೋಜನೆ ಹೇಗೆ ಮಾಡುತ್ತಾರೆ ಅನ್ನುವುದಕ್ಕೆ ಒಂದು ಲೆಕ್ಕ ಇಲ್ಲಿದೆ. 55 ಕಿಲೋ ತೂಕದ ಹೆಂಗಸಿಗೆ, ಕಿಲೋಗೆ 0.83 ಗ್ರಾಂನಂತೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಅಕ್ಕಿ 100 ಗ್ರಾಂ, ರಾಗಿ 100 ಗ್ರಾಂ ಸೇರಿ 15. ತೊಗರಿಬೇಳೆ 60 ಗ್ರಾಂನಿಂದ 13. ಕಾಲು ಲೀಟರ್ ಹಾಲಿನಿಂದ 8. ಶೇಂಗಾ 20 ಗ್ರಾಂನಿಂದ ಐದಕ್ಕೆ ಸ್ವಲ್ಪ ಕಮ್ಮಿ. ಸೊಪ್ಪು, ತರಕಾರಿಯಿಂದ ಇನ್ನೊಂದು ಐದು. ಸರಿಯಾಗಿ ಬಂತು. ಈಗ ಬೇಳೆಯನ್ನು 60ರಿಂದ 20 ಗ್ರಾಂಗೆ ಇಳಿಸಿ ನೋಡಿ. ತಿಳಿಸಾರಿನ ಮನೆಗಳಲ್ಲಿ ಆಗುವುದು ಇದೇ. ಒಟ್ಟು ಪ್ರೋಟೀನ್‌ನಲ್ಲಿ 9 ಗ್ರಾಂ ಬಿದ್ದುಹೋಗುವುದು ಒಂದು ನಷ್ಟ. ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಪ್ರೋಟೀನ್ ಘಟಕವನ್ನು ತುಂಬಿಕೊಡುತ್ತಿದ್ದದ್ದು ಬೇಳೆಯೇ, ಹಾಗಾಗಿ ಗುಣಮಟ್ಟವೂ ಕೆಡುತ್ತೆ. 0.83 ಅನ್ನುವ ಅಂಕಿ ನಿಲ್ಲುವುದು ಧಾನ್ಯ ಮೂರು ಪಾಲಿಗೆ ಬೇಳೆ ಒಂದು ಪಾಲು, ಜೊತೆಗೆ ಹಾಲು ಇದ್ದಾಗ. ಅಂಕಿಯನ್ನು ಬಾಯಿಪಾಠ ಮಾಡಿ ಶರತ್ತನ್ನು ಮರೆಯುವ ವಿದ್ಯಾರ್ಥಿಗಳೇ ಜಾಸ್ತಿ.

ಇದೆಲ್ಲ ಏನು ತಿನ್ನಬೇಕು ಅನ್ನುವ ಲೆಕ್ಕ. ಏನು ತಿಂದರು ಅಂತ ತಿಳಿಯುವುದು ಇದಕ್ಕಿಂತ ಕಷ್ಟ. ಹಿಂದಿನ 24 ಗಂಟೆಯಲ್ಲಿ ತಿಂದದ್ದನ್ನು ನೆನಪಿಸಿ ಹೇಳಿಸುವ ವಿಧಾನವನ್ನು ಎರಡನೇ ವರ್ಷದ ಹೊತ್ತಿಗೆ ಕಲಿಸುತ್ತಾರೆ. "ನಿನ್ನೆ ಏನ್ ಊಟ ಮಾಡಿದ್ರಿ?" ಅಂದರೆ "ಅನ್ನ ಸಾರು" ಅಂತಾರೆ, ಅಲ್ಲಿಗೆ ಮುಗಿಯಿತು. ಎದ್ದಾಗಿನಿಂದ ಮಲಗುವವರೆಗೆ ಒಂದು ಸಲ ಸುಮ್ಮನೆ ಹೇಳಿಸಬೇಕು. ಎರಡನೇ ಸುತ್ತಿನಲ್ಲಿ ಬಿಟ್ಟುಹೋದದ್ದನ್ನು ಕೆದಕಬೇಕು: ಕಾಫಿಗೆ ಹಾಕಿದ ಸಕ್ಕರೆ, ಒಗ್ಗರಣೆ ಎಣ್ಣೆ, ಉಪ್ಪಿನಕಾಯಿ, ನಾಲ್ಕು ಗಂಟೆಯ ಕೋಡುಬಳೆ, ಮಗು ಬಿಟ್ಟ ತಟ್ಟೆಯಿಂದ ಅಮ್ಮ ತಿಂದ ಎರಡು ತುತ್ತು. ಮೂರನೇ ಸುತ್ತಿನಲ್ಲಿ ಅವರ ಮನೆಯದೇ ಬಟ್ಟಲು ತರಿಸಿ ಪ್ರಮಾಣ ಗುರುತಿಸಬೇಕು. ಎಣ್ಣೆಯನ್ನು ಯಾರೂ ಸರಿಯಾಗಿ ಹೇಳಲಾರರು. ಅದಕ್ಕೆ ತಿಂಗಳಿಗೆ ಎಷ್ಟು ಪ್ಯಾಕೆಟ್ ತರುತ್ತೀರಿ, ಎಷ್ಟು ಜನ ಉಣ್ಣುತ್ತೀರಿ ಅಂತ ಕೇಳಿ ಭಾಗಿಸುವುದೇ ವಾಸಿ. ಹಬ್ಬದ ಮರುದಿನ, ಏಕಾದಶಿಯ ಮರುದಿನ ಹೋದರೆ ಸಿಗುವ ಮಾಹಿತಿ ಆ ಮನೆಯ ಎಂದಿನ ಊಟದ್ದಲ್ಲ. "ಕಾಫಿಗೆ ಸಕ್ಕರೆ ಜಾಸ್ತಿ ಹಾಕ್ತೀರಾ ಅಮ್ಮಾ?" ಅಂತ ಕೇಳಿದರೆ "ಇಲ್ಲಪ್ಪ, ಕಮ್ಮೀನೇ" ಅಂತಲೇ ಉತ್ತರ ಬರುತ್ತೆ. "ಎಷ್ಟು ಚಮಚ? ಯಾವ ಚಮಚ?" ಅಂತ ಕೇಳಬೇಕು.

ಕೆಮಿಸ್ಟ್ರಿ ಬೇಡ ಅಂತ ಈ ಕಡೆ ಬರುವವರಿಗೆ, ಆಹಾರದ ಪ್ರೋಟೀನ್ ಅಳೆಯುವ ಕೆಲ್ಡಾಲ್ ಪ್ರಯೋಗ ಕಾದಿರುತ್ತೆ. ಹಿಟ್ಟನ್ನು ಗಾಢ ಸಲ್ಫ್ಯೂರಿಕ್ ಆಮ್ಲದಲ್ಲಿ, ವೇಗವರ್ಧಕ ಹಾಕಿ, ಕಂದು ಬಣ್ಣ ಪೂರ್ತಿ ಹೋಗಿ ತಿಳಿಯಾಗುವವರೆಗೆ ಕುದಿಸಬೇಕು. ಆಮೇಲೆ ಕ್ಷಾರ ಹಾಕಿ ಹೊರಡುವ ಅಮೋನಿಯಾವನ್ನು ಬೋರಿಕ್ ಆಮ್ಲದಲ್ಲಿ ಹಿಡಿದು ಟೈಟ್ರೇಟ್ ಮಾಡಬೇಕು, ಅಂದರೆ ಹನಿಹನಿಯಾಗಿ ಆಮ್ಲ ಹಾಕಿ ಎಷ್ಟಿದೆ ಅಂತ ಅಳೆಯಬೇಕು. ಸಿಕ್ಕ ಸಾರಜನಕವನ್ನು 6.25ರಿಂದ ಗುಣಿಸಿದರೆ ಪ್ರೋಟೀನ್. ಹಾಲಿಗಾದರೆ 6.38, ಅಕ್ಕಿಗೆ 5.95. ಕಂದು ಉಳಿದಿರುವಾಗಲೇ ಇಳಿಸಿದರೆ, ಇಲ್ಲ ಬಟ್ಟಿ ಇಳಿಸುವಾಗ ಬಿರಡೆ ಸಡಿಲವಾಗಿ ಅಮೋನಿಯಾ ಸೋರಿದರೆ, ಪ್ರೋಟೀನ್ ಕಡಿಮೆ ಬರುತ್ತೆ. ತಪ್ಪು ಹಿಟ್ಟಿನದಲ್ಲ, ಬಿರಡೆಯದು.

ಮಾನವ ಅಭಿವೃದ್ಧಿಯನ್ನು 'ಮಕ್ಕಳ ಜೊತೆ ಆಡೋ ಸಬ್ಜೆಕ್ಟ್' ಅಂತ ಕರೆಯುವುದುಂಟು. ಆಟ ಇದೆ, ಅದನ್ನು ಕೂತು ನಿಮಿಷಕ್ಕೆ ನಿಮಿಷ ದಾಖಲಿಸುವ ಕೆಲಸವೂ ಇದೆ. ಪೌಷ್ಟಿಕತೆಯ ಜೊತೆ ಈ ವಿಷಯ ಬೆಸೆದುಕೊಳ್ಳುವುದು ಅಂಗನವಾಡಿಯಲ್ಲಿ, ಮಕ್ಕಳ ಅಳತೆಯಲ್ಲಿ. ಎರಡು ವರ್ಷದ ಒಳಗಿನ ಮಗುವನ್ನು ಮಲಗಿಸಿ ಉದ್ದ ಅಳೆಯಬೇಕು, ಮೇಲಿನದನ್ನು ನಿಲ್ಲಿಸಿ ಎತ್ತರ. ಸಣ್ಣ ಮಗು ಹಟ ಮಾಡಿ ಮಲಗಲೊಲ್ಲದೆ ನಿಂತೇ ಅಳತೆ ಕೊಟ್ಟರೆ 0.7 ಸೆಂಟಿಮೀಟರ್ ಸೇರಿಸಬೇಕು, ಏಕೆಂದರೆ ನಿಂತಾಗ ಅಷ್ಟು ಕುಗ್ಗುತ್ತೆ. ತೋಳಿನ ಸುತ್ತಳತೆಯನ್ನು ಎಡತೋಳಿನಲ್ಲಿ, ಭುಜದ ಮೂಳೆಯ ತುದಿಗೂ ಮೊಣಕೈಗೂ ಸರಿಯಾಗಿ ನಡುವೆ, ತೋಳು ಇಳಿಬಿಟ್ಟಿರುವಾಗ ತೆಗೆಯಬೇಕು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರೊಳಗೆ ಮಧ್ಯಮ. ಟೇಪನ್ನು ಸ್ವಲ್ಪ ಬಿಗಿದರೆ ಚೆನ್ನಾಗಿರುವ ಮಗು ರೋಗಿಯಾಗುತ್ತೆ. ಸಡಿಲ ಬಿಟ್ಟರೆ ಚಿಕಿತ್ಸೆ ಬೇಕಾದ ಮಗು ಮನೆಗೆ ವಾಪಸ್ ಹೋಗುತ್ತೆ, ಇದು ಹೆಚ್ಚು ಅಪಾಯ. ತೂಕದ ಪುಸ್ತಕದಲ್ಲಿ ಎಲ್ಲ ಮಕ್ಕಳೂ 10.0, 10.5, 11.0 ಅಂತಲೇ ಇದ್ದರೆ, ತೂಗಿದವರು ಮುಳ್ಳು ನೋಡದೆ ಅಂದಾಜಿಗೆ ಬರೆದಿದ್ದಾರೆ ಅಂತ ಅರ್ಥ. ಮೇಲ್ವಿಚಾರಕಿ ಆಗುವವರು ಮೊದಲು ಹುಡುಕಬೇಕಾದದ್ದು ಇದನ್ನೇ.

ವ್ಯಾಯಾಮ ವಿಜ್ಞಾನ ನಮ್ಮ ಪಠ್ಯಕ್ರಮದಲ್ಲಿ ತೆಳು. ಹೆಚ್ಚಿನ ಕಡೆ ಕ್ರೀಡಾ ಪೌಷ್ಟಿಕತೆಯ ಒಂದೆರಡು ಪೇಪರ್‌ಗಳಲ್ಲಿ ಮುಗಿಯುತ್ತೆ, ಇದು ನಿಜಕ್ಕೂ ಕೊರತೆ. ಆದರೂ ಯಂತ್ರ ಇಲ್ಲದೆ ಮಾಡಬಹುದಾದ, ದಮ್ಮು ಅಳೆಯುವ ಒಂದು ಪ್ರಯೋಗ ಇದೆ, ಕ್ವೀನ್ಸ್ ಕಾಲೇಜ್ ಸ್ಟೆಪ್ ಟೆಸ್ಟ್. 41.3 ಸೆಂಟಿಮೀಟರ್ ಎತ್ತರದ ಮೆಟ್ಟಿಲನ್ನು ಮೂರು ನಿಮಿಷ ಹತ್ತಿಳಿಯುವುದು. ಹೆಂಗಸರು ನಿಮಿಷಕ್ಕೆ 22 ಸಲ, ಗಂಡಸರು 24. ನಿಲ್ಲಿಸಿದ ಐದನೇ ಸೆಕೆಂಡಿನಿಂದ ಇಪ್ಪತ್ತನೆಯದರವರೆಗೆ ನಾಡಿ ಎಣಿಸಿ ನಾಲ್ಕರಿಂದ ಗುಣಿಸಬೇಕು. ಹೆಂಗಸರಿಗೆ ಸೂತ್ರ: 65.81ರಿಂದ, ನಾಡಿಯನ್ನು 0.1847ರಿಂದ ಗುಣಿಸಿದ್ದನ್ನು ಕಳೆಯುವುದು. ನಾಡಿ 152 ಇದ್ದರೆ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ, ಕಿಲೋ ತೂಕಕ್ಕೆ ನಿಮಿಷಕ್ಕೆ, ಸುಮಾರು 37.7 ಮಿಲಿಲೀಟರ್. ನಾಡಿ ಹುಡುಕುತ್ತಾ ಅರ್ಧ ನಿಮಿಷ ಕಳೆದು ಅದು 132ಕ್ಕೆ ಇಳಿದ ಮೇಲೆ ಎಣಿಸಿದರೆ 41.4 ಬರುತ್ತೆ. ಆಕೆಯ ದಮ್ಮು ಹೆಚ್ಚಿದ್ದಲ್ಲ, ಎಣಿಸುವವರು ತಡ ಮಾಡಿದ್ದು.

ಗ್ರಾಹಕ ಶಿಕ್ಷಣದ ಪೇಪರ್ ಒಣ ಅನಿಸಬಹುದು, ಬದುಕಿಗೆ ಬೇಗ ಒದಗುವುದು ಮಾತ್ರ ಅದೇ. ಪ್ಯಾಕೆಟ್ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಸಕ್ಕರೆಯನ್ನೇ ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್ ಅಂತ ಒಡೆದು ಬರೆದರೆ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಗೆ ಸರಿಯುತ್ತೆ. ಕಲಬೆರಕೆ ಪತ್ತೆಯಲ್ಲಿ, ಹಾಲಿಗೆ ಪಿಷ್ಟ ಬೆರೆಸಿದ್ದಾರಾ ನೋಡಲು ಕುದಿಸಿ, ತಣ್ಣಗೆ ಮಾಡಿ ಅಯೋಡಿನ್ ಹನಿ ಹಾಕುತ್ತಾರೆ; ನೀಲಿ ಬಂದರೆ ಪಿಷ್ಟ ಇದೆ. ಬಿಸಿ ಹಾಲಿಗೇ ಹಾಕಿದರೆ ನೀಲಿ ಬರುವುದೇ ಇಲ್ಲ, ಕಲಬೆರಕೆ ಹಾಲು ಪಾಸ್ ಆಗಿಬಿಡುತ್ತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರಿಗೆ ಎರಡು ವರ್ಷದ ಗಡುವು. ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ನೀವು ಕೊಟ್ಟ ಹಣ, ಕೇಳುವ ಪರಿಹಾರ ಅಲ್ಲ.

ಹೊಲಿಗೆ ಬಗ್ಗೆ ಒಂದೇ ಮಾತು. ಕಸೂತಿಯ ಗವಂತಿ ಎಂಬ ಹೊಲಿಗೆಯಲ್ಲಿ ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಗಂಟೂ ಹಾಕುವುದಿಲ್ಲ. ಎಳೆ ಎಣಿಸಿ ಹೋದ ದಾರಿಯಲ್ಲೇ ಮರಳಿ ಎರಡೂ ಮಗ್ಗುಲು ಒಂದೇ ಆಗಿ ಕಾಣಬೇಕು. ಒಂದು ಎಳೆ ತಪ್ಪಿದರೆ ಗೋಪುರದ ಚಿತ್ರ ಕೂಡುವುದಿಲ್ಲ. ಇದನ್ನು ಬರೀ ಹೊಲಿಗೆ ಅನ್ನುವವರು ಒಮ್ಮೆ ಎಣಿಸಿ ನೋಡಲಿ.

ಕೆಲಸದ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಬಿ.ಎಸ್ಸಿ. ಹೋಮ್ ಸೈನ್ಸ್ ಒಂದರಿಂದಲೇ ಆಸ್ಪತ್ರೆಯ ಡಯಟೀಷಿಯನ್ ಆಗುತ್ತೇನೆ ಅಂದುಕೊಳ್ಳಬೇಡಿ. ಪೌಷ್ಟಿಕತೆಯಲ್ಲಿ ಎಂ.ಎಸ್ಸಿ. ಅಥವಾ ಡಯಟೆಟಿಕ್ಸ್ ಡಿಪ್ಲೊಮಾ, ಅದರ ಮೇಲೆ ಆಸ್ಪತ್ರೆ ತರಬೇತಿ, ಆಮೇಲೆ ಭಾರತೀಯ ಡಯಟೆಟಿಕ್ ಅಸೋಸಿಯೇಷನ್ನಿನ ಆರ್‌ಡಿ (ರಿಜಿಸ್ಟರ್ಡ್ ಡಯಟೀಷಿಯನ್) ಪರೀಕ್ಷೆ, ಇದು ಈವರೆಗೆ ಹೆಚ್ಚಿನವರು ನಡೆದ ದಾರಿ. 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆಯಲ್ಲಿ ಈ ವೃತ್ತಿಯೂ ಸೇರಿದೆ. ಆ ಕಾಯ್ದೆಯ ವ್ಯಾಪ್ತಿಯ ಕೋರ್ಸುಗಳನ್ನು ದೂರಶಿಕ್ಷಣ, ಆನ್‌ಲೈನ್‌ನಲ್ಲಿ ಕೊಡಕೂಡದು ಅಂತ ಯುಜಿಸಿ 2025ರಲ್ಲಿ ಹೇಳಿದೆ. ಹಾಗಾಗಿ ಮೂರು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಹಿಡಿದು ಡಯಟ್ ಚಾರ್ಟ್ ಮಾರುವ ಆಸೆ ಇದ್ದರೆ ಬಿಟ್ಟುಬಿಡಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಆಹಾರ ಕಂಪನಿಗಳ ಗುಣಮಟ್ಟ ವಿಭಾಗ, ಜವಳಿ, ಶಾಲೆ, ವಿಸ್ತರಣಾ ಕೆಲಸ ಇವೆಲ್ಲ ಉಂಟು. ಪ್ರತಿ ನೇಮಕಾತಿ ಅಧಿಸೂಚನೆಯಲ್ಲೂ ನಿಮ್ಮ ಪದವಿಯ ಹೆಸರು ಅಕ್ಷರಶಃ ಇದೆಯಾ ಅಂತ ನೋಡಿಕೊಳ್ಳಿ. 'ಸಮುದಾಯ ವಿಜ್ಞಾನ' ಅಂತ ಪ್ರಮಾಣಪತ್ರ, 'ಗೃಹ ವಿಜ್ಞಾನ' ಅಂತ ಅಧಿಸೂಚನೆ ಇದ್ದರೆ, ಎರಡೂ ಒಂದೇ ಅನ್ನುವ ಪತ್ರವನ್ನು ವಿಶ್ವವಿದ್ಯಾಲಯದಿಂದ ಮೊದಲೇ ತೆಗೆದಿಟ್ಟುಕೊಳ್ಳಬೇಕು.

ಪಿಯುಸಿಯಲ್ಲಿ ಕಲಾ ವಿಭಾಗದಲ್ಲಿ ಗೃಹ ವಿಜ್ಞಾನ ಓದಿದವರು ಕೃಷಿ ವಿಶ್ವವಿದ್ಯಾಲಯದ ಕೋರ್ಸಿಗೂ ಅದೇ ಸಾಕು ಅಂದುಕೊಳ್ಳುತ್ತಾರೆ. ಸಾಲದು, ಅಲ್ಲಿ ವಿಜ್ಞಾನ ವಿಭಾಗ ಬೇಕು.

ಕಾಲೇಜು ಆರಿಸುವಾಗ ಕಟ್ಟಡ ನೋಡಿ ಬರಬೇಡಿ. ಕೆಲ್ಡಾಲ್ ಸೆಟ್ ಬೀರುವಿನಲ್ಲಿದೆಯೋ, ಬೆಂಕಿಯ ಮೇಲಿದೆಯೋ ನೋಡಿ. ಕಾಲೇಜಿಗೆ ಅಂಟಿಕೊಂಡ ಶಿಶುವಿಹಾರ ಇದೆಯಾ? ತರಬೇತಿಗೆ ಕಳಿಸುವ ಆಸ್ಪತ್ರೆ ಯಾವುದು, ಅಲ್ಲಿ ಎಷ್ಟು ವಾರ? ಕೊನೆಗೆ ಅಡುಗೆ ಲ್ಯಾಬಿಗೆ ಹೋಗಿ ತಕ್ಕಡಿ ಮೇಲೆ ಕಿರಾಣಿ ಅಂಗಡಿಯಿಂದ ತಂದ ಅರ್ಧ ಕಿಲೋ ಬಟ್ಟು ಇಟ್ಟು ನೋಡಿ. 500 ತೋರಿಸಿದರೆ ಸೇರಬಹುದು.